ಎಟಿಎಂ ಕಾರ್ಡಿನ ಹನ್ನೆರಡು ವರ್ಷ: ಬೀಗ ಬ್ಯಾಂಕಿನದು, ಹೊಣೆ ಗ್ರಾಹಕನದು

2013ರ ನವೆಂಬರ್ 14. ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ತಮ್ಮ ಎಟಿಎಂ ಕಾರ್ಡ್ ಕೊಟ್ಟು, ಪಿನ್ ಹೇಳಿ, 25,000 ರೂಪಾಯಿ ತರಲು ಗಂಡನನ್ನು ಕಳಿಸಿದರು. ಯಂತ್ರ ಚೀಟಿ ಕೊಟ್ಟಿತು, ದುಡ್ಡು ಕೊಡಲಿಲ್ಲ. ಐದು ದಿನ ಕಳೆದು, ನವೆಂಬರ್ 19ರ ಬೆಳಿಗ್ಗೆ, ಕಾರ್ಪೊರೇಷನ್ ವೃತ್ತದ ಎಟಿಎಂಗೆ ನುಗ್ಗಿದವನೊಬ್ಬ ಶಟರ್ ಎಳೆದು, ಹಣ ತೆಗೆಯಲು ಬಂದಿದ್ದ ಬ್ಯಾಂಕ್ ಉದ್ಯೋಗಿ ಮಹಿಳೆಯ ಮೇಲೆ ಮಚ್ಚು ಬೀಸಿದ. ಡಿಸೆಂಬರ್ 1ರಿಂದ, ಅಂಗಡಿಯಲ್ಲಿ ಡೆಬಿಟ್ ಕಾರ್ಡ್ ಉಜ್ಜಿದರೂ ಪಿನ್ ಒತ್ತಲೇಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಗೆ ಬಂತು.

ಮೂರೂ ನಡೆದದ್ದು ಮೂರು ವಾರದೊಳಗೆ. ಜನ ನೆನಪಿಟ್ಟದ್ದು ಎರಡನೆಯದನ್ನು. ಆ ಸಿಸಿಟಿವಿ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಓಡಿತು. ಕಾವಲಿಲ್ಲದ ಎಟಿಎಂಗಳನ್ನು ಪೊಲೀಸರು ಮುಚ್ಚಿಸಿದರು, ಬ್ಯಾಂಕುಗಳು ಗಡಿಬಿಡಿಯಲ್ಲಿ ಸೆಕ್ಯುರಿಟಿಯವರನ್ನು ಕೂರಿಸಿದವು, ಆರೋಪಿ ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ. ಹಾಕಿದರಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಈ ಹನ್ನೆರಡು ವರ್ಷದಲ್ಲಿ ನಮ್ಮ ಖಾತೆಗಳ ದುಡ್ಡು ಯಾವ ದಾರಿಯಲ್ಲಿ ಹೋಯಿತು, ಹೋದದ್ದಕ್ಕೆ ಯಾರು ತಲೆಕೊಟ್ಟರು ಎಂದು ಲೆಕ್ಕಕ್ಕೆ ಕೂತರೆ ಮಚ್ಚಿಗಿಂತ ಮಾರತ್ತಹಳ್ಳಿಯ ಚೀಟಿಯೂ ಡಿಸೆಂಬರ್ 1ರ ಪಿನ್ನೂ ಹೆಚ್ಚು ಮಾತಾಡುತ್ತವೆ. ಕಾರ್ಡಿನ ಬೀಗ ವರ್ಷ ವರ್ಷಕ್ಕೂ ಗಟ್ಟಿಯಾಯಿತು, ಅದು ನಿಜವಾದ ಸಾಧನೆ. ಜೊತೆಜೊತೆಗೇ, ಕಳವಾದಾಗ ‘ನೀವೇ ಎಚ್ಚರ ತಪ್ಪಿದಿರಿ’ ಎನ್ನುವ ಮಾತೂ ಅಷ್ಟೇ ಗಟ್ಟಿಯಾಯಿತು. ನಮ್ಮ ತಕರಾರು ಇರುವುದು ಈ ಎರಡನೆಯದರ ಮೇಲೆ.

ಬೀಗದ ಕತೆ ಮೊದಲು. ಹಳೆಯ ಕಾರ್ಡಿನ ಬೆನ್ನಿಗೆ ಕಪ್ಪು ಪಟ್ಟಿ ಇರುತ್ತಿತ್ತಲ್ಲ, ಅದರಲ್ಲಿದ್ದ ಮಾಹಿತಿ ಎಂದೂ ಬದಲಾಗುತ್ತಿರಲಿಲ್ಲ. ಯಂತ್ರದ ಬಾಯಿಗೆ ಅದೇ ಬಣ್ಣದ ಸ್ಕಿಮ್ಮರ್ ಅಂಟಿಸಿ, ಕೀಪ್ಯಾಡ್ ಮೇಲೆ ಗುಂಡುಸೂಜಿ ತಲೆಯಷ್ಟು ಕ್ಯಾಮೆರಾ ಇಟ್ಟರೆ ಸಾಕು; ಪಟ್ಟಿಯ ನಕಲೂ ಸಿಕ್ಕಿತು, ಪಿನ್ನೂ ಸಿಕ್ಕಿತು. ಖಾಲಿ ಪ್ಲಾಸ್ಟಿಕ್ ಕಾರ್ಡಿಗೆ ಅದನ್ನು ತುಂಬಿ ಬೇರೆ ಊರಿನಲ್ಲಿ ದುಡ್ಡು ತೆಗೆಯುತ್ತಿದ್ದರು. ಚಿಪ್ ಹಾಗಲ್ಲ, ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುತ್ತದೆ. ನಿನ್ನೆಯದನ್ನು ಕದ್ದರೆ ಇಂದು ಕೆಲಸಕ್ಕೆ ಬಾರದು. 2018ರ ಡಿಸೆಂಬರ್ 31ರೊಳಗೆ ಪಟ್ಟಿಯ ಕಾರ್ಡುಗಳನ್ನೆಲ್ಲ ಚಿಪ್ಪಿನವಕ್ಕೆ ಬದಲಿಸಿ ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಆನ್‌ಲೈನ್ ಖರೀದಿಗೆ ಎರಡನೇ ದೃಢೀಕರಣ ಬೇಕೆಂಬ ನಿಯಮವಂತೂ 2009ರ ಆಗಸ್ಟ್‌ನಿಂದಲೇ ಇತ್ತು. ಇದರಲ್ಲಿ ನಮ್ಮ ದೇಶ ಹಲವು ಶ್ರೀಮಂತ ದೇಶಗಳಿಗಿಂತ ಮುಂದಿತ್ತು ಎನ್ನುವುದಕ್ಕೆ ಸಂಕೋಚ ಬೇಡ.

ಆದರೆ ಬೀಗ ಗಟ್ಟಿಯಾಗುತ್ತಿದ್ದಾಗಲೇ ಮನೆಯ ಹಿತ್ತಿಲ ಗೋಡೆ ಬಿದ್ದಿತ್ತು. 2016ರ ಅಕ್ಟೋಬರ್‌ನಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿರಬಹುದೆಂಬ ಸುದ್ದಿ ಬಂತು. ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡ್ ರದ್ದು ಮಾಡಿ ಹೊಸದು ಕೊಡಬೇಕಾಯಿತು. ಎಟಿಎಂ ಜಾಲ ನಡೆಸಿಕೊಡುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವಿಸಸ್ ತನ್ನ ವ್ಯವಸ್ಥೆಯೊಳಗೆ ಮಾಲ್‌ವೇರ್ ಹೊಕ್ಕಿತ್ತೆಂದು ಮರುವರ್ಷ ಒಪ್ಪಿಕೊಂಡಿತು. ಹೊಕ್ಕದ್ದು 2016ರ ಮಧ್ಯಭಾಗದಲ್ಲಿ, ಗ್ರಾಹಕರಿಗೆ ತಿಳಿದದ್ದು ಆ ವರ್ಷದ ದಸರೆ ಮುಗಿದ ಮೇಲೆ. ಹಣ ಹೋದವರು 641 ಮಂದಿ, ಹೋದದ್ದು 1.3 ಕೋಟಿ ಎಂದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಲೆಕ್ಕ ಕೊಟ್ಟಿತು. ಮೊತ್ತ ದೊಡ್ಡದಲ್ಲ. ಆದರೆ ಇದಕ್ಕೆ ಗ್ರಾಹಕರು ಪಿನ್ ಯಾರಿಗೂ ಹೇಳಬೇಕಾಗಿರಲಿಲ್ಲ.

ಎರಡು ವರ್ಷದ ನಂತರ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕ್. 2018ರ ಆಗಸ್ಟ್ 11ರ ಶನಿವಾರ, ಎಟಿಎಂ ಕೋರಿಕೆಗಳಿಗೆ ಉತ್ತರಿಸುವ ಬ್ಯಾಂಕಿನ ಸ್ವಿಚ್ಚಿನ ಜಾಗದಲ್ಲಿ ಕಳ್ಳರು ತಮ್ಮದೇ ನಕಲಿ ಸ್ವಿಚ್ ಕೂರಿಸಿದರು. ‘ಈ ಖಾತೆಯಲ್ಲಿ ಹಣವಿದೆಯೇ’ ಎಂದು ಎಟಿಎಂ ಕೇಳಿದ ಪ್ರಶ್ನೆಗೆಲ್ಲ ಅದು ಹೌದು ಹೌದು ಎಂದಿತು. ನಕಲಿ ಕಾರ್ಡ್ ಹಿಡಿದವರು 28 ದೇಶಗಳ ಎಟಿಎಂಗಳಲ್ಲಿ ಕೆಲವೇ ಗಂಟೆಗಳಲ್ಲಿ 78 ಕೋಟಿಯಷ್ಟು ತೆಗೆದರು. ದೇಶದೊಳಗೆ ತೆಗೆದದ್ದನ್ನೂ, ಸೋಮವಾರ ಹಾಂಗ್‌ಕಾಂಗಿಗೆ ಸಾಗಿಸಿದ್ದನ್ನೂ ಸೇರಿಸಿದರೆ ಒಟ್ಟು 94 ಕೋಟಿ. ಪುಣ್ಯಕ್ಕೆ, ಹೋದದ್ದು ಬ್ಯಾಂಕಿನ ಹಣ, ಗ್ರಾಹಕರ ಖಾತೆಯದಲ್ಲ. ಆದರೂ ಪಾಠ ಒಂದೇ: ಒಂದು ಕಾರ್ಡಿಗೆ ವಿದೇಶದ ಬಾಗಿಲು ಸುಮ್ಮನೆ ತೆರೆದಿರಬಾರದು.

ಆ ಪಾಠದ ಫಲವೆಂಬಂತೆ ಬಂದದ್ದು 2020ರ ಜನವರಿ 15ರ ಸುತ್ತೋಲೆ. ಈ ಹನ್ನೆರಡು ವರ್ಷದಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ನಮ್ಮ ಅನಿಸಿಕೆ. ಜನಕ್ಕೆ ಅತಿ ಕಡಿಮೆ ಗೊತ್ತಿರುವುದೂ ಇದೇ. ಹೊಸ ಕಾರ್ಡ್ ಕೈಗೆ ಬಂದಾಗ ಅದು ದೇಶದೊಳಗಿನ ಎಟಿಎಂನಲ್ಲಿ, ಅಂಗಡಿಯ ಯಂತ್ರದಲ್ಲಿ ಮಾತ್ರ ನಡೆಯಬೇಕು. ಆನ್‌ಲೈನ್, ವಿದೇಶ, ತಾಗಿಸಿ ಪಾವತಿಸುವುದು, ಈ ಮೂರನ್ನೂ ಗ್ರಾಹಕನೇ ಕೇಳಿ ತೆರೆಸಿಕೊಳ್ಳಬೇಕು; ಬೇಡವಾದಾಗ ತಾನೇ ಮುಚ್ಚಬಹುದು; ಒಂದೊಂದಕ್ಕೂ ಮಿತಿ ಹಾಕಿಕೊಳ್ಳಬಹುದು. ಅದೇ ವರ್ಷ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಎಂಬ ಕಡೆ ಹೋದರೆ ಗುಂಡಿಗಳು ಕಾಣುತ್ತವೆ. ಆ್ಯಪ್ ಇಲ್ಲದವರು ಶಾಖೆಯಲ್ಲೂ ಕೇಳಬಹುದು.

ವಿದೇಶದ ಗುಂಡಿಯ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ನಮ್ಮ ಜಾಲತಾಣಗಳಲ್ಲಿ ಒಟಿಪಿ ಇಲ್ಲದೆ ಕಾರ್ಡ್ ನಡೆಯುವುದಿಲ್ಲ, ಹಾಗಾಗಿ ಒಟಿಪಿ ಎಂದರೆ ಕೊನೆಯ ಬಾಗಿಲು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹೊರದೇಶದ ಎಷ್ಟೋ ತಾಣಗಳಿಗೆ ಕಾರ್ಡ್ ಸಂಖ್ಯೆ, ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿ, ಇಷ್ಟೇ ಸಾಕು. ಯಾವುದೋ ಊರಿನ ಹೋಟೆಲಿನಲ್ಲಿ ಕಾರ್ಡ್ ಕೊಟ್ಟಾಗ ಯಾರೋ ತೆಗೆದ ಫೋಟೊ, ತಿಂಗಳುಗಳ ನಂತರ ನಡುರಾತ್ರಿ ಡಾಲರ್ ಲೆಕ್ಕದಲ್ಲಿ ಎದ್ದು ಕೂರುವುದು ಹೀಗೆ. ಈ ಸಂದು ಮುಚ್ಚಲು ಕಾರ್ಡ್ ಕೊಡುವವರಿಗೆ ರಿಸರ್ವ್ ಬ್ಯಾಂಕ್ 2026ರ ಅಕ್ಟೋಬರ್ 1ರ ಗಡುವು ಕೊಟ್ಟಿದೆ. ಹೊರದೇಶಕ್ಕೆ ಹೋಗದವರು, ಅಲ್ಲಿಂದ ಏನೂ ತರಿಸದವರು ಗಡುವಿಗೆ ಕಾಯುವ ಅಗತ್ಯವಿಲ್ಲ. ಗುಂಡಿ ಇಂದೇ ಇದೆ.

ಬೀಗ ಹೀಗೆ ಗಟ್ಟಿಯಾಗುತ್ತಿದ್ದಾಗ ಕಳ್ಳ ಏನು ಮಾಡಿದ? ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದ. ಕಾರ್ಡನ್ನು ಬಿಟ್ಟು ಕಾರ್ಡ್ ಹಿಡಿದವನ ಕಡೆ ತಿರುಗಿದ. ಜಾರ್ಖಂಡಿನ ಜಾಮ್‌ತಾರಾ ಜಿಲ್ಲೆಯ ಕರ್ಮಾಟಾಂಡ್ ಕಡೆಯ ಹುಡುಗರು ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಎಟಿಎಂ ಬ್ಲಾಕ್ ಆಗಿದೆ’ ಎಂದು ದೇಶವನ್ನೆಲ್ಲ ಕರೆದರು. ಈಶ್ವರಚಂದ್ರ ವಿದ್ಯಾಸಾಗರರು ತಮ್ಮ ಕೊನೆಗಾಲದ ವರ್ಷಗಳನ್ನು ಕಳೆದ ಊರು ಅದು, ರೈಲು ನಿಲ್ದಾಣಕ್ಕೆ ಇಂದಿಗೂ ಅವರದೇ ಹೆಸರಿದೆ. ಈಗ ಊರಿನ ಹೆಸರು ಕೇಳಿದರೆ ಜನ ಮೊಬೈಲ್ ಮುಟ್ಟಿ ನೋಡಿಕೊಳ್ಳುತ್ತಾರೆ. ಮುಂದೆ ಹರಿಯಾಣ–ರಾಜಸ್ಥಾನದ ಮೇವಾತ್ ಕಡೆ ಇದೇ ಕಸುಬು ಹಬ್ಬಿತು. ಆ ಕಾಲದ ಕರೆಗಳನ್ನು ಗುರುತಿಸುವುದು ಸುಲಭವಿತ್ತು. ಹಿಂದಿಯಲ್ಲಿ ಮಾತಾಡುತ್ತಿದ್ದರು, ಹದಿನಾರಂಕಿ ಕೇಳುತ್ತಿದ್ದರು. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಬುದ್ಧಿಮಾತು ಹುಟ್ಟಿದ್ದು ಆಗ, ಆಗ ಅದು ಸಾಕಾಗುತ್ತಿತ್ತು.

ಈಗ ಸಾಕಾಗುವುದಿಲ್ಲ. 2019ರ ಫೆಬ್ರುವರಿಯಲ್ಲೇ ಎನಿಡೆಸ್ಕ್ ಎಂಬ ಆ್ಯಪ್ ಹಾಕಿಸಿ ಪರದೆಯನ್ನೇ ದೂರದಿಂದ ನೋಡುವವರ ಬಗ್ಗೆ ರಿಸರ್ವ್ ಬ್ಯಾಂಕ್ ಎಚ್ಚರಿಸಿತ್ತು. ಒಟಿಪಿಯನ್ನು ನೀವು ಹೇಳಬೇಕಾದ್ದೇ ಇಲ್ಲ, ಪರದೆಯ ಮೇಲೆ ಬಿದ್ದಾಗ ಅವನೂ ಓದುತ್ತಾನೆ. 2022ರಲ್ಲಿ ‘ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ತೆಗೆಯುತ್ತೇವೆ’ ಎಂಬ ಸಂದೇಶಗಳು ಬಂದವು. ಬೆಸ್ಕಾಂ ತಾನು ಕಳಿಸಿದ್ದಲ್ಲ ಎಂದು ಹೇಳಬೇಕಾಯಿತು. ಆ ಸಂದೇಶ ಬರೆದವನ ಜಾಣತನ ನೋಡಿ: ರಾತ್ರಿ ಒಂಬತ್ತೂವರೆಗೆ ಯಾವ ವಿದ್ಯುತ್ ಕಚೇರಿಯೂ ತೆರೆದಿರುವುದಿಲ್ಲ, ಹೆದರಿದವರ ಕಣ್ಣಿಗೆ ಬೀಳುವುದು ಅವನು ಕೊಟ್ಟ ನಂಬರ್ ಒಂದೇ. ಆಮೇಲೆ ಎಪಿಕೆ ಕಾಲ. ವಾಟ್ಸ್‌ಆ್ಯಪ್‌ಗೆ ಮದುವೆ ಆಮಂತ್ರಣ, ಆರ್‌ಟಿಒ ಚಲನ್, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರಿನ ಫೈಲು ಬರುತ್ತದೆ, ಅದೂ ಎಷ್ಟೋ ಸಲ ಪರಿಚಯದವರ ನಂಬರಿನಿಂದಲೇ, ಏಕೆಂದರೆ ಅವರ ಫೋನ್ ಆಗಲೇ ಕೈತಪ್ಪಿರುತ್ತದೆ. ಒತ್ತಿದರೆ ಪತ್ರಿಕೆ ತೆರೆಯುವುದಿಲ್ಲ, ಆ್ಯಪ್ ಒಂದು ಕೂತು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಬಂದ ಒಟಿಪಿಯೆಲ್ಲ ಸದ್ದಿಲ್ಲದೆ ಅವನಿಗೆ ರವಾನೆ. ‘ನಾನು ಯಾರಿಗೂ ಒಟಿಪಿ ಹೇಳಿಲ್ಲ ಸಾರ್’ ಎಂದು ಠಾಣೆಯಲ್ಲಿ ಅಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಫೋಟೊ, ಪಿಡಿಎಫ್ ಬೇರೆ. ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ಮದುವೆ ಪತ್ರಿಕೆಯಲ್ಲ, ಆ್ಯಪ್. ಪ್ಲೇ ಸ್ಟೋರ್‌ನ ಹೊರಗಿನಿಂದ ಏನನ್ನೂ ಹಾಕಿಕೊಳ್ಳಬಾರದೆಂಬ ಸೆಟ್ಟಿಂಗನ್ನು ಮನೆಯ ಹಿರಿಯರ ಫೋನಿನಲ್ಲಿ ಮಕ್ಕಳು ಮೊದಲೇ ಮಾಡಿಟ್ಟರೆ, ‘ಹುಷಾರು ಅಮ್ಮಾ’ ಎಂದು ನೂರು ಸಲ ಹೇಳುವ ಕೆಲಸ ತಪ್ಪುತ್ತದೆ.

ಇದೇ ಅವಧಿಯಲ್ಲಿ ನಮ್ಮ ರಾಜ್ಯದ ಬ್ಯಾಂಕುಗಳ ಹೆಸರುಗಳೇ ಬದಲಾದವು ಎನ್ನುವುದನ್ನು ಮರೆಯಬಾರದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಇತರ ಬ್ಯಾಂಕುಗಳಲ್ಲಿ ಕರಗಿದವು. ಹೊಸ ಕಾರ್ಡ್, ಹೊಸ ಐಎಫ್‌ಎಸ್‌ಸಿ, ಹೊಸ ಆ್ಯಪ್. ‘ನಿಮ್ಮ ಬ್ಯಾಂಕ್ ವಿಲೀನವಾಗಿದೆ, ಕೆವೈಸಿ ಮಾಡಿಸಿ’ ಎಂಬ ಮಾತನ್ನು ಬ್ಯಾಂಕೂ ಹೇಳುತ್ತಿತ್ತು, ಕಳ್ಳನೂ ಹೇಳುತ್ತಿದ್ದ. ಮಣಿಪಾಲದ ನಿವೃತ್ತ ಮೇಷ್ಟ್ರಿಗೆ ಎರಡರ ನಡುವಿನ ವ್ಯತ್ಯಾಸ ಹೇಗೆ ತಿಳಿಯಬೇಕು? 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಬಂದ ಮೇಲೆ ಒಂದು ಕೋಟಿಗೂ ಹೆಚ್ಚು ಮನೆಗಳ ಯಜಮಾನಿಯರ ಖಾತೆಗೆ ತಿಂಗಳ ಎರಡು ಸಾವಿರ ಬೀಳತೊಡಗಿತು. ‘ಅರ್ಜಿ ಹಾಕಿ’ ಎಂಬ ನಕಲಿ ಲಿಂಕುಗಳೂ ಅದರ ಬೆನ್ನಿಗೇ ಬಂದವು. ಬ್ಯಾಂಕು ಕಳಿಸುವ ಸಂದೇಶವೋ ಬಹುಪಾಲು ಇಂಗ್ಲಿಷಿನಲ್ಲಿ. ‘ಡೆಬಿಟೆಡ್’ ಎಂದರೆ ಬಂತೋ ಹೋಯಿತೋ ಎಂದು ಪಕ್ಕದ ಮನೆಯ ಹುಡುಗನಿಗೆ ತೋರಿಸಿ ಕೇಳುವವರು ಇಂದಿಗೂ ಇದ್ದಾರೆ. ಕಳ್ಳ ಮಾತ್ರ ಅಚ್ಚುಕಟ್ಟಾಗಿ ಕನ್ನಡ ಕಲಿತಿದ್ದಾನೆ.

ಕಾರ್ಡೂ ಬೇಡ, ಫೋನೂ ಬೇಡ ಎನ್ನುವ ಕಳವು ನಡೆದದ್ದು 2023ರಲ್ಲಿ. ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಹಲವರಿಗೆ ಖಾತೆಯಿಂದ ಹತ್ತು ಸಾವಿರ ಕಡಿತ ಎಂಬ ಸಂದೇಶ ಬಂತು. ಅವರು ಯಾವ ಲಿಂಕೂ ಒತ್ತಿರಲಿಲ್ಲ, ಯಾರ ಕರೆಯನ್ನೂ ತೆಗೆದಿರಲಿಲ್ಲ. ಮಾಡಿದ ಒಂದೇ ‘ತಪ್ಪು’ ಎಂದರೆ ಸೈಟೋ ಮನೆಯೋ ಕೊಂಡು ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದು. ನೋಂದಣಿ ಪತ್ರದ ನಕಲಿನಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಇದ್ದವು. ಅಲ್ಲಿಂದ ಅಚ್ಚು ಎತ್ತಿ, ಆಧಾರ್ ಆಧರಿಸಿ ಹಣ ಕೊಡುವ ಹಳ್ಳಿಯ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಒತ್ತಿದರು. ಕೂಲಿ ಹಣ, ಪಿಂಚಣಿ ಹಳ್ಳಿಯಲ್ಲೇ ಸಿಗಲೆಂದು ಮಾಡಿದ ವ್ಯವಸ್ಥೆ ಅದು, ಒಳ್ಳೆಯದೇ. ಆದರೆ ಆ ಬಾಗಿಲು ತಮ್ಮ ಖಾತೆಗೆ ಇದೆಯೆಂದೇ ನಗರದವರಿಗೆ ಗೊತ್ತಿರಲಿಲ್ಲ, ತೆರೆಯಲೇ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ದಾಖಲೆಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮ ಬಂತು. ಎಂಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಮೊದಲಿನಿಂದಲೂ ಇದೆ. ಪಡಿತರ, ಪಿಂಚಣಿಗೆ ಬೆರಳು ಒತ್ತಬೇಕಿಲ್ಲದವರು ಅದನ್ನು ಹಾಕಿಟ್ಟು, ಬೇಕಾದಾಗ ತೆಗೆದುಕೊಳ್ಳುವುದೇ ವಾಸಿ.

ಈಗ ಹೊಣೆಯ ಮಾತು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಪ್ರತಿ ಪಾಸ್‌ಬುಕ್ಕಿನ ಹಿಂದೆ ಅಚ್ಚಾಗಬೇಕಿತ್ತು. ತಪ್ಪು ಬ್ಯಾಂಕಿನದಾದರೆ ಗ್ರಾಹಕನ ನಷ್ಟ ಸೊನ್ನೆ. ತಪ್ಪು ಇಬ್ಬರದ್ದೂ ಅಲ್ಲ, ನಡುವೆ ಎಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೂ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಜನಧನದಂಥ ಮೂಲ ಖಾತೆಗೆ ಹೆಚ್ಚೆಂದರೆ 5,000, ಉಳಿದ ಉಳಿತಾಯ ಖಾತೆಗಳಿಗೆ 10,000 ರೂಪಾಯಿ ಮಾತ್ರ ಗ್ರಾಹಕನ ಮೇಲೆ. ದೂರು ಕೊಟ್ಟ ಹತ್ತು ಕೆಲಸದ ದಿನದೊಳಗೆ ಬ್ಯಾಂಕ್ ಆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು, ತೊಂಬತ್ತು ದಿನದೊಳಗೆ ತೀರ್ಮಾನ ಮುಗಿಸಬೇಕು. ಗ್ರಾಹಕನದೇ ತಪ್ಪು ಎಂದು ರುಜುವಾತು ಮಾಡುವ ಹೊರೆ ಬ್ಯಾಂಕಿನದು. ಸಹಕಾರಿ ಬ್ಯಾಂಕುಗಳಿಗೂ ಅದೇ ಡಿಸೆಂಬರ್‌ನಲ್ಲಿ ಇಂಥದೇ ಸುತ್ತೋಲೆ ಬಂತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನಿಯಮ ಕೇಳುವುದು ಕಷ್ಟ.

ಕಾಗದದಲ್ಲೇ ಇನ್ನೊಂದು ಸಾಲೂ ಇದೆ: ಗ್ರಾಹಕನ ನಿರ್ಲಕ್ಷ್ಯದಿಂದ, ಗುಪ್ತ ವಿವರ ಹಂಚಿಕೊಂಡದ್ದರಿಂದ ಆದ ನಷ್ಟ, ದೂರು ಕೊಡುವವರೆಗೆ ಪೂರ್ತಿ ಅವನದೇ. ಬ್ಯಾಂಕುಗಳು ಹಿಡಿದುಕೊಂಡದ್ದು ಈ ಸಾಲನ್ನು. ‘ನಿಮ್ಮ ನಂಬರಿಗೆ ಒಟಿಪಿ ಹೋಗಿದೆ, ಅದೇ ಒಟಿಪಿಯಿಂದ ವ್ಯವಹಾರ ನಡೆದಿದೆ, ಹಾಗಾಗಿ ನೀವೇ ಹೇಳಿದ್ದೀರಿ.’ ಎಪಿಕೆ ಕದ್ದ ಒಟಿಪಿಗೂ ಬಾಯಿಬಿಟ್ಟು ಹೇಳಿದ ಒಟಿಪಿಗೂ ಬ್ಯಾಂಕಿನ ದಾಖಲೆಯಲ್ಲಿ ವ್ಯತ್ಯಾಸ ಕಾಣಿಸದು. ರುಜುವಾತಿನ ಹೊರೆ ಹೀಗೆ ಸದ್ದಿಲ್ಲದೆ ಹೆಗಲು ಬದಲಿಸುತ್ತದೆ.

ಮಾರತ್ತಹಳ್ಳಿಯ ಪ್ರಕರಣ ಗ್ರಾಹಕ ವೇದಿಕೆಗೆ ಹೋಗಿ 2018ರ ಮೇ 29ರಂದು ತೀರ್ಮಾನವಾಯಿತು. ದಂಪತಿ ಸುಮ್ಮನೆ ಕೂತವರಲ್ಲ. ಯಂತ್ರದಿಂದ ಹಣ ಬರಲಿಲ್ಲವೆಂದು ತೋರಿಸುವ ಸಿಸಿಟಿವಿ ದೃಶ್ಯ ತರಿಸಿದರು. ಆ ಯಂತ್ರದಲ್ಲಿ 25,000 ರೂಪಾಯಿ ಹೆಚ್ಚುವರಿ ಉಳಿದಿತ್ತೆಂಬ ಲೆಕ್ಕದ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದರು. ಆದರೂ ಸೋತರು. ಪಿನ್ ವರ್ಗಾಯಿಸುವಂಥದ್ದಲ್ಲ, ಗಂಡನಿಗೆ ಹೇಳಿದ್ದೂ ನಿಯಮಭಂಗ, ಬೇಕಿದ್ದರೆ ಚೆಕ್ಕೋ ಅಧಿಕಾರಪತ್ರವೋ ಕೊಟ್ಟು ಕಳಿಸಬಹುದಿತ್ತು ಎಂಬುದು ಬ್ಯಾಂಕಿನ ವಾದ. ವೇದಿಕೆ ಅದನ್ನು ಒಪ್ಪಿತು. ಕಾನೂನಿನ ಅಕ್ಷರ ಸರಿ ಇರಬಹುದು. ಯಂತ್ರದಲ್ಲೇ ಉಳಿದ ಹಣಕ್ಕೂ ಪಿನ್ ಯಾರು ಒತ್ತಿದರು ಎನ್ನುವುದಕ್ಕೂ ಏನು ಸಂಬಂಧ ಎಂಬುದು ನಮಗೆ ಇಂದಿಗೂ ತಿಳಿದಿಲ್ಲ.

ನಮ್ಮ ಮನೆಗಳಲ್ಲಿ ಪಿನ್ ಹಂಚಿಕೊಳ್ಳುವುದು ನಿರ್ಲಕ್ಷ್ಯದಿಂದಲ್ಲ, ಅನಿವಾರ್ಯದಿಂದ. ಮಂಡಿ ನೋವಿನ ಅಜ್ಜಿ ಮೆಟ್ಟಿಲು ಹತ್ತಲಾರಳು, ಕಣ್ಣು ಮಂಜಾದ ಅಪ್ಪನಿಗೆ ಪರದೆ ಕಾಣದು, ಮೊಮ್ಮಗ ಹೋಗುತ್ತಾನೆ. ಕಾರ್ಡಿನ ಲಕೋಟೆಯ ಮೇಲೆ ಪೆನ್ಸಿಲ್ಲಿನಲ್ಲಿ ನಾಲ್ಕಂಕಿ. ಇದನ್ನು ಬಯ್ದು ಪ್ರಯೋಜನವಿಲ್ಲ, ಬೇರೆ ದಾರಿ ತೋರಿಸಬೇಕು. ಜಂಟಿ ಖಾತೆ ಮಾಡಿಸಿದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್, ಬೇರೆ ಪಿನ್ ಸಿಗುತ್ತದೆ. ಮಾರತ್ತಹಳ್ಳಿಯ ಗತಿ ಬಾರದು. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ, ಶಾಖೆಯಲ್ಲಿ ಪಟ್ಟು ಹಿಡಿದು ಕೇಳಬೇಕು ಅಷ್ಟೆ. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ, ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ಮಿತಿಯೊಳಗೆ ಖರ್ಚು ಮಾಡಬಹುದು, ಪಿನ್ ಹೇಳದೆಯೇ. ಎಲ್ಲಕ್ಕಿಂತ ಸರಳವಾದದ್ದು, ಪಿಂಚಣಿಯೋ ಬೆಳೆ ಮಾರಿದ ಹಣವೋ ಬೀಳುವ ದೊಡ್ಡ ಖಾತೆಗೆ ಕಾರ್ಡೂ ಬೇಡ, ಯುಪಿಐಯೂ ಬೇಡ. ಇನ್ನೊಂದು ಸಣ್ಣ ಖಾತೆ ತೆರೆದು ತಿಂಗಳ ಖರ್ಚಿನಷ್ಟನ್ನು ಅದಕ್ಕೆ ಹಾಕಿ, ಕಾರ್ಡ್ ಅದಕ್ಕೆ ಮಾತ್ರ ಇಟ್ಟುಕೊಳ್ಳುವುದು. ಕಳ್ಳ ಎಷ್ಟೇ ಜಾಣನಾದರೂ ಅಲ್ಲಿ ಇರುವಷ್ಟನ್ನೇ ತಾನೇ ಒಯ್ಯುವುದು.

ನ್ಯಾಯಾಲಯಗಳ ಗಾಳಿ ಸ್ವಲ್ಪ ಬದಲಾಗಿದೆ. ಎಸ್‌ಎಂಎಸ್ ಕಳಿಸಿದ್ದೆವು, ಗ್ರಾಹಕ ಉತ್ತರಿಸಲಿಲ್ಲ ಎಂಬ ನೆಪದಲ್ಲಿ ಬ್ಯಾಂಕ್ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ ಎಂದು 2019ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ವಾಪಸ್ ಮಾಡಲು ಹೊರಟು, ಗ್ರಾಹಕ ಸೇವೆಯ ಸೋಗಿನವನ ಮಾತು ಕೇಳಿ ಆ್ಯಪ್ ಹಾಕಿಕೊಂಡು 94,204 ರೂಪಾಯಿ ಕಳೆದುಕೊಂಡ ಅಸ್ಸಾಮಿನ ಗ್ರಾಹಕನೊಬ್ಬ ಇಪ್ಪತ್ತನಾಲ್ಕು ಗಂಟೆಯೊಳಗೆ ದೂರು ಕೊಟ್ಟಿದ್ದ. ಒಟಿಪಿ ಅವನೇ ಹಂಚಿಕೊಂಡಿದ್ದಾನೆ ಎಂದು ಸ್ಟೇಟ್ ಬ್ಯಾಂಕ್ ವಾದಿಸಿತು. ಗುವಾಹಟಿ ಹೈಕೋರ್ಟ್ ಒಪ್ಪಲಿಲ್ಲ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಇಂಥ ವ್ಯವಹಾರ ಪತ್ತೆ ಮಾಡುವ ತಂತ್ರಜ್ಞಾನ ಕೈಯಲ್ಲಿರುವಾಗ ಬ್ಯಾಂಕ್ ಜಾರಿಕೊಳ್ಳುವಂತಿಲ್ಲ ಎಂದಿತು, ಗ್ರಾಹಕರೂ ಒಟಿಪಿ ವಿಷಯದಲ್ಲಿ ಎಚ್ಚರವಿರಬೇಕೆಂಬ ಮಾತನ್ನೂ ಸೇರಿಸಿತು. ಆ ಗ್ರಾಹಕನನ್ನು ಉಳಿಸಿದ್ದು ಅವನು ತಡಮಾಡದೆ ಕೊಟ್ಟ ದೂರು.

ಆದ್ದರಿಂದ ಹಣ ಹೋದ ಗಳಿಗೆಯಲ್ಲಿ ಏನು ಮಾಡಬೇಕೆಂಬುದು ಕಂಠಪಾಠವಾಗಿರಲಿ. ಶಾಖೆಗೆ ಓಡುವುದಲ್ಲ, ಮೊದಲು 1930. ಕೇಂದ್ರ ಗೃಹ ಇಲಾಖೆ 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಶುರು ಮಾಡಿದ ಸಹಾಯವಾಣಿ ಈಗ ಈ ನಾಲ್ಕಂಕಿಯಲ್ಲಿದೆ. ಹಣ ಮೊದಲು ಸೇರಿದ ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ಹತ್ತಾರು ಕಡೆಗೆ ಹಂಚಿಹೋಗುವ ಮೊದಲು ತಡೆಹಿಡಿಯುವುದು ಅದರ ಕೆಲಸ. ಆ ಓಟದಲ್ಲಿ ಅರ್ಧ ಗಂಟೆಯೂ ದೊಡ್ಡದು. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಬೇಕು. ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ. ಬಾಯಿಮಾತಿನ ದೂರಿಗೆ ತಾರೀಖು ಇರುವುದಿಲ್ಲ, ತಾರೀಖಿಲ್ಲದಿದ್ದರೆ ಮೂರು ದಿನದ ಲೆಕ್ಕವಿಲ್ಲ. ನಂತರ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆ. ಮೂವತ್ತು ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ, ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಮಾಹಿತಿಗೆ 14448. ಈ ಕೊನೆಯ ಮೆಟ್ಟಿಲಿಗೆ ವಕೀಲರೂ ಬೇಡ, ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವವರು ಮಾತ್ರ ಕಡಿಮೆ. ಗೂಗಲ್‌ನಲ್ಲಿ ‘ಬ್ಯಾಂಕ್ ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡಿ ಎರಡನೇ ಸಲ ಮೋಸ ಹೋದವರಿದ್ದಾರೆ; ಕಾರ್ಡಿನ ಹಿಂದಿರುವ ನಂಬರ್ ಒಂದೇ ನಂಬಿಕೆಗೆ ಅರ್ಹ.

ಇಷ್ಟೆಲ್ಲ ಬೀಗ, ಸುತ್ತೋಲೆ, ಸಹಾಯವಾಣಿಗಳ ಮೇಲೂ ನಷ್ಟದ ಅಂಕಿ ಇಳಿದಿಲ್ಲ. ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದಂತೆ ದೇಶದ ಜನ ಸೈಬರ್ ವಂಚನೆಯಲ್ಲಿ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ, 2024ರಲ್ಲಿ 22,845 ಕೋಟಿ. 2023ರಲ್ಲಿ ದೇಶದಲ್ಲಿ ದಾಖಲಾದ 86,420 ಸೈಬರ್ ಪ್ರಕರಣಗಳ ಪೈಕಿ 21,889 ಕರ್ನಾಟಕದ್ದು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ನಮ್ಮ ಪೊಲೀಸರು ದೂರು ದಾಖಲಿಸಿಕೊಳ್ಳುತ್ತಾರೆ ಎನ್ನುವುದೂ ಇದಕ್ಕೆ ಕಾರಣವಿರಬಹುದು. ಸೈಬರ್ ಅಪರಾಧಕ್ಕೇ ಪ್ರತ್ಯೇಕ ಠಾಣೆಯನ್ನು ದೇಶದಲ್ಲೇ ಮೊದಲು, 2001ರಲ್ಲಿ, ತೆರೆದ ರಾಜ್ಯ ಇದು. ಆದರೂ ಇದು ಹೆಮ್ಮೆಪಡುವ ಮೊದಲ ಸ್ಥಾನವಲ್ಲ.

ಮೊತ್ತ ಹೀಗೆ ಏರಿದ್ದಕ್ಕೆ ಹೂಡಿಕೆಯ ಆಮಿಷ, ಪೊಲೀಸರ ಸೋಗಿನಲ್ಲಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಮುಂತಾದವು ಕಾರಣ. ಅವುಗಳಲ್ಲಿ ಗ್ರಾಹಕ ಹೆದರಿಯೋ ಆಸೆಗೋ ತಾನೇ ಹಣ ಕಳಿಸುತ್ತಾನೆ. ಹಾಗಾಗಿ 2017ರ ಸುತ್ತೋಲೆ ಅಲ್ಲಿ ನೆರವಿಗೆ ಬರುವುದೇ ಇಲ್ಲ, ಅದು ಇರುವುದು ಅನಧಿಕೃತ ವ್ಯವಹಾರಕ್ಕೆ ಮಾತ್ರ. ನಿವೃತ್ತರೊಬ್ಬರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಠೇವಣಿಯನ್ನು ಒಂದೇ ಮಧ್ಯಾಹ್ನ ಮುರಿದು, ಎಂದೂ ಹೆಸರು ಕೇಳದ ಖಾತೆಗೆ ಕಳಿಸಿದಾಗ ಬ್ಯಾಂಕಿನ ಕಂಪ್ಯೂಟರಿಗೆ ಅದು ವಿಚಿತ್ರವೆನಿಸಬೇಡವೇ? ಅನಿಸುವಂತೆ ಮಾಡುವುದು ಸಾಧ್ಯ. ಬಾಡಿಗೆ ಖಾತೆಗಳನ್ನು ಹಿಡಿಯುವ ‘ಮ್ಯೂಲ್ ಹಂಟರ್’ ಎಂಬ ತಂತ್ರಾಂಶವನ್ನು ಬೆಂಗಳೂರಿನಲ್ಲೇ ಇರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ರೂಪಿಸಿದೆ. ಕಮಿಷನ್ ಆಸೆಗೆ ತಮ್ಮ ಎಟಿಎಂ ಕಾರ್ಡ್, ಸಿಮ್ ಕೊಟ್ಟು ಖಾತೆ ಬಾಡಿಗೆಗಿಡುವ ಕಾಲೇಜು ಹುಡುಗರು ಜೈಲಿಗೆ ಹೋಗುತ್ತಿರುವುದನ್ನು ಇಲ್ಲೇ ಹೇಳಿಬಿಡಬೇಕು; ಹೆತ್ತವರು ಕೇಳಿಸಿಕೊಳ್ಳಲಿ.

ಕೊನೆಯ ಒಂದೆರಡು ವರ್ಷದಲ್ಲಿ ಗಾಳಿ ಸರಿಯಾದ ದಿಕ್ಕಿಗೆ ಬೀಸಿದೆ. ಬ್ಯಾಂಕುಗಳ ಜಾಲತಾಣದ ವಿಳಾಸ 2025ರ ಅಕ್ಟೋಬರ್ ಕೊನೆಯೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯಬೇಕೆಂದು ನಿಯಮವಾಯಿತು; ಬೇರೆ ಬಾಲವಿದ್ದರೆ ಸಂಶಯಪಡಬಹುದು. ಬ್ಯಾಂಕಿನ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ಸಂಖ್ಯೆ ಗೊತ್ತುಮಾಡಿದ್ದಾರೆ. ಹತ್ತಂಕಿಯ ಮಾಮೂಲಿ ಮೊಬೈಲಿನಿಂದ ‘ಹೆಡ್ ಆಫೀಸಿನಿಂದ’ ಎಂದು ಮಾತಾಡುವವನಿಗೆ ಉತ್ತರಿಸಬೇಕಿಲ್ಲ. ಹಣ ಬರುತ್ತದೆಂದು ನಂಬಿಸಿ ಪಿನ್ ಒತ್ತಿಸುತ್ತಿದ್ದ ಯುಪಿಐ ಕಲೆಕ್ಟ್ ಕೋರಿಕೆ, ವ್ಯಕ್ತಿಯಿಂದ ವ್ಯಕ್ತಿಗೆ, 2025ರ ಅಕ್ಟೋಬರ್ 1ರಿಂದ ನಿಂತಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊರಬಿದ್ದು 2026ರ ಏಪ್ರಿಲ್ 1ರ ಜಾರಿ ದಿನಾಂಕ ಹೊತ್ತ ದೃಢೀಕರಣ ನಿಯಮಗಳಲ್ಲಿ ಎರಡು ಅಂಶ ಮುಖ್ಯ. ಎಸ್‌ಎಂಎಸ್ ಒಟಿಪಿಯ ಆಚೆಗೂ ದಾರಿ ಹುಡುಕಲು ಬ್ಯಾಂಕುಗಳಿಗೆ ಅವಕಾಶ. ನಿಯಮ ಪಾಲಿಸದೆ ಗ್ರಾಹಕನಿಗೆ ನಷ್ಟವಾದರೆ ಪೂರ್ತಿ ಪರಿಹಾರ ಕೊಡಬೇಕೆಂಬ ಕಟ್ಟಳೆ. ಎರಡನೆಯದು ಎಷ್ಟರಮಟ್ಟಿಗೆ ನಡೆಯುತ್ತದೆ ಎನ್ನುವುದನ್ನು ಕಾದು ನೋಡಬೇಕು.

ತಿಳಿವಳಿಕೆ ಪ್ರಚಾರಕ್ಕೇನೂ ಕೊರತೆಯಿಲ್ಲ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕಚೇರಿ 2022ರಲ್ಲಿ ‘ರಾಜು ಮತ್ತು ನಲವತ್ತು ಕಳ್ಳರು’ ಎಂಬ ಚಿತ್ರಪುಸ್ತಿಕೆ ತಂದಿತು, ಚೆನ್ನಾಗಿದೆ, ಮಕ್ಕಳೊಂದಿಗೆ ಕೂತು ಓದಬಹುದು. ಅದರಲ್ಲಿ ನಲವತ್ತು ಬಗೆಯ ಮೋಸವಿದೆ. ಬ್ಯಾಂಕಿಗೆ ಬುದ್ಧಿ ಹೇಳುವ ನಲವತ್ತೊಂದನೆಯ ಕತೆ ಇಲ್ಲ. ಫೋನ್ ಮಾಡಿದಾಗಲೆಲ್ಲ ಕೇಳಿಸುತ್ತಿದ್ದ ಎಚ್ಚರಿಕೆಯ ದನಿಯನ್ನು ಕೇಳಿ ಕೇಳಿ ಜನ ರೇಗಿದರೇ ಹೊರತು, ಹೋದ ಹಣ ಮರಳಿ ಕೇಳುವ ಹಕ್ಕು ತಮಗಿದೆ ಎಂದು ಅದರಿಂದ ತಿಳಿಯಲಿಲ್ಲ. ಅದು ಹೇಳಿದರೆ ತಾನೇ.

ನಮ್ಮ ರಾಜ್ಯದಲ್ಲಿ ಆಗಬೇಕಾದದ್ದನ್ನು ಕೇಳಲು ಒಂದು ಜಾಗವಿದೆ. ಕೆನರಾ ಬ್ಯಾಂಕ್ ಸಂಚಾಲಕತ್ವದ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಸಾಲ ಎಷ್ಟು ಕೊಟ್ಟಿರಿ, ಠೇವಣಿ ಎಷ್ಟು ಬಂತು ಎಂದು ಜಿಲ್ಲಾವಾರು ಲೆಕ್ಕ ಅಲ್ಲಿ ಒಪ್ಪಿಸುತ್ತಾರೆ. ಅದೇ ಕೋಷ್ಟಕಕ್ಕೆ ಇನ್ನೂ ನಾಲ್ಕು ಕಾಲಂ ಸೇರಲಿ. ಅನಧಿಕೃತ ವ್ಯವಹಾರದ ದೂರು ಎಷ್ಟು ಬಂದವು. ಎಷ್ಟರಲ್ಲಿ ಹತ್ತು ದಿನದೊಳಗೆ ಹಣ ಮರಳಿ ತುಂಬಿದಿರಿ, ಎಷ್ಟನ್ನು ‘ಗ್ರಾಹಕನ ನಿರ್ಲಕ್ಷ್ಯ’ ಎಂದು ಮುಚ್ಚಿದಿರಿ. ಎಷ್ಟು ಖಾತೆದಾರರಿಗೆ ಎಸ್‌ಎಂಎಸ್ ಕನ್ನಡದಲ್ಲಿ ಹೋಗುತ್ತಿದೆ. ಯಾವ ಬ್ಯಾಂಕ್ ಕಾಲಂ ಖಾಲಿ ಬಿಟ್ಟಿದೆ ಎನ್ನುವುದನ್ನು ಪತ್ರಿಕೆಗಳು ಅಚ್ಚು ಹಾಕಲು ಸಿದ್ಧವಿವೆ.